ಕಾರ್ನಿಶ್-ವಿಂಡ್ಸರ್ ಮರದ ಸೇತುವೆ: ಹೊಳೆ ದಾಟೋ ದಾರಿಗೆ ಮಾಡು (ಚಾವಣಿ) ಯಾಕೆ?

ಹೊಳೆಸಾಲು

ಎಲ್ಲರಿಗೂ ನಮಸ್ಕಾರ. ನಾನಿರುವುದು ಬಾಸ್ಟನ್ ಹತ್ತಿರ. ಅಕ್ಟೋಬರ್‌ನಲ್ಲಿ ಸಾಗರದಿಂದ ಅಮ್ಮ ಬಂದಿದ್ದರು. ಎಲೆ ಬಣ್ಣ ತಿರುಗೋ ಕಾಲ ಅಂತ ಕಾರು ಹತ್ತಿಸಿಕೊಂಡು ವರ್ಮಾಂಟ್ ಕಡೆ ಹೊರಟೆ. ಬಣ್ಣ ನೋಡಿದ್ದು ಅಷ್ಟರಲ್ಲೇ ಇದೆ. ಮೂರು ದಿನವೂ ಜಿಟಿಜಿಟಿ ಮಳೆ.

ನ್ಯೂ ಹ್ಯಾಂಪ್‌ಶೈರ್‌ನ ಕಾರ್ನಿಶ್ ಊರಿನಿಂದ ಕನೆಕ್ಟಿಕಟ್ ನದಿ ದಾಟಿದರೆ ಆ ಕಡೆ ವರ್ಮಾಂಟ್‌ನ ವಿಂಡ್ಸರ್. ರಸ್ತೆ ಒಂದು ಕಡೆ ತಿರುಗಿತು, ನೋಡಿದರೆ ಎದುರಿಗೆ ಉದ್ದಕ್ಕೆ ಒಂದು ಮರದ ಕೊಟ್ಟಿಗೆ. ರಸ್ತೆ ಸೀದಾ ಅದರ ಬಾಯೊಳಗೆ ಹೋಗುತ್ತದೆ. ಅಮ್ಮ, "ಇದೇನೋ, ಹೊಳೆ ಮೇಲೆ ಅಡಿಕೆ ಮನೆ ಕಟ್ಟಿದ್ದಾರೆ?" ಅಂದರು.

ಒಳಗೆ ಹೋದ ತಕ್ಷಣ ಗಾಜಿನ ಮೇಲಿನ ಮಳೆ ನಿಂತಿತು. ಮಳೆ ಸದ್ದು ಮೇಲೆಲ್ಲೋ ಹೋಯಿತು, ಕೆಳಗೆ ಹಲಗೆ ಸದ್ದು ಶುರುವಾಯಿತು. ವಿಂಡ್ಸರ್ ಕಡೆ ಕಾರು ನಿಲ್ಲಿಸಿ ಇಬ್ಬರೂ ಸೇತುವೆಯ ಬಾಯಿವರೆಗೆ ನಡೆದು ಬಂದೆವು. ಗೋಡೆ ಅಂದರೆ ಗೋಡೆಯಲ್ಲ, ಓರೆ ಓರೆಯಾಗಿ ಹೆಣೆದ ದಪ್ಪ ದಪ್ಪ ಮರ, ದೊಡ್ಡ ಜಾಲರಿ ತರ. ಎರಡು ಮರ ಅಡ್ಡ ಹಾಯುವ ಕಡೆಯೆಲ್ಲ ಮರದ್ದೇ ಗೂಟ. ಒಂದು ಗೂಟ ಹಲಗೆಯಿಂದ ಅರ್ಧ ಇಂಚು ಹೊರಗೆ ಬಂದಿತ್ತು, ತಲೆ ಸ್ವಲ್ಪ ಸೀಳಿತ್ತು. ಬೆರಳಿಟ್ಟು ನೋಡಿದೆ. ಎರಡು ಮಾರು ಆಚೆ ಮಳೆ ಸುರಿಯುತ್ತಿದೆ, ನನ್ನ ಬೆರಳಿಗೆ ಅಂಟಿದ್ದು ಒಣ ಧೂಳು!

1866ರಲ್ಲಿ ಕಟ್ಟಿದ್ದಂತೆ. ಇವತ್ತಿಗೂ ಕಾರು ಓಡಾಡುತ್ತವೆ. ಸೇತುವೆಗೆ ಯಾಕೆ ಮಾಡು ಹಾಕಿದರು? ಆಗ ಹೇಗೆ ಕಟ್ಟಿದರು? ಗೊತ್ತಿರುವವರು ಹೇಳಿ.

ನಾಗರಭಾವಿ ನಾಗ್

ಸುಲಭ. ಕುದುರೆ ನೀರು ನೋಡಿ ಬೆದರಬಾರದು ಅಂತ. ಕೊಟ್ಟಿಗೆ ತರ ಇದ್ದರೆ ಆರಾಮಾಗಿ ಒಳಗೆ ಹೋಗುತ್ತೆ. ಜೊತೆಗೆ ಚಳಿಗಾಲದಲ್ಲಿ ಹಿಮ ತುಂಬಬಾರದು ಅಂತ. ಯಾವುದೋ ವೀಡಿಯೋದಲ್ಲಿ ನೋಡಿದ ನೆನಪು.

ತೊಲೆಜಂತೆ

ನಾಗ್, ಈ ಎರಡೂ ಮಾತು ಅಲ್ಲಿನವರೇ ಪ್ರವಾಸಿಗಳಿಗೆ ಹೇಳುತ್ತಾರೆ. ಆದರೆ ಹಿಮದ ವಿಷಯ ಉಲ್ಟಾ. ಆಗ ಚಳಿಗಾಲದಲ್ಲಿ ಓಡಾಟ ಅಂದರೆ ಚಕ್ರ ಇಲ್ಲದ ಜಾರುಗಾಡಿ. ಬರೀ ಹಲಗೆ ಮೇಲೆ ಅದು ಜಾರಲ್ಲ. ಅದಕ್ಕೇ ಸೇತುವೆ ಒಳಗೆ ಹಿಮ ತಂದು ಹರಡಲು ಜನ ಇಡುತ್ತಿದ್ದರು. ಅಂದರೆ ಮಾಡು ಹಾಕಿ ಹಿಮ ತಡೆದು, ಆಮೇಲೆ ಕೂಲಿ ಕೊಟ್ಟು ಅದೇ ಹಿಮವನ್ನು ಒಳಗೆ ಹಾಕಿಸುವುದು.

ಮಾಡು ಇರುವುದು ದಾಟುವವರಿಗಲ್ಲ, ಸೇತುವೆಗೆ. ಭಾರ ಹೊರುವುದು ಎರಡು ಪಕ್ಕದ ಮರದ ಚೌಕಟ್ಟು, ಅಂದರೆ ಟ್ರಸ್. ಅದು ನೆನೆದು ಒಣಗಿ, ನೆನೆದು ಒಣಗಿ ಕೊಳೆಯುತ್ತೆ. ಬಯಲಲ್ಲಿ ಬಿಟ್ಟ ಮರದ ಸೇತುವೆಗೆ ಹತ್ತು, ಜಾಸ್ತಿ ಅಂದರೆ ಇಪ್ಪತ್ತು ವರ್ಷ ಆಯಸ್ಸು. ಮುಚ್ಚಿದರೆ ನೂರು ದಾಟುತ್ತದೆ. ನೆಲದ ಹಲಗೆ ಸವೆದರೆ ಕಿತ್ತು ಬೇರೆ ಹಾಕಬಹುದು. ಪಕ್ಕದ ಹಲಗೆ, ಮಾಡು ಕೂಡ ಹಾಗೇ. ಟ್ರಸ್ ಕೊಳೆತರೆ ಕತೆ ಮುಗೀತು.

ಅಮೆರಿಕದಲ್ಲಿ ಇದು ಶುರುವಾಗಿದ್ದು ಫಿಲಡೆಲ್ಫಿಯಾದಲ್ಲಿ. ತಿಮೋತಿ ಪಾಮರ್ ಅನ್ನುವವರು ಸ್ಕೂಲ್‌ಕಿಲ್ ನದಿಗೆ ದೊಡ್ಡ ಮರದ ಸೇತುವೆ ಕಟ್ಟಿದರು. ಸೇತುವೆ ಕಂಪನಿಯ ಮುಖ್ಯಸ್ಥ ರಿಚರ್ಡ್ ಪೀಟರ್ಸ್, ಅವರು ನ್ಯಾಯಾಧೀಶರೂ ಹೌದು, ಇದನ್ನು ಮುಚ್ಚಲೇಬೇಕು ಅಂತ ಹಟ ಹಿಡಿದರು. 1805ರಲ್ಲಿ ಮುಚ್ಚಿ ಮುಗಿಸಿದರು. ಆಮೇಲೆ ನ್ಯೂ ಇಂಗ್ಲೆಂಡ್, ಅಂದರೆ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಸೇರಿದ ಅಮೆರಿಕದ ಈಶಾನ್ಯ ಭಾಗದ ತುಂಬ ಅದೇ ಪದ್ಧತಿ ಆಯಿತು.

ಉಳಿಸುತ್ತಿಗೆ

ತೊಲೆಜಂತೆ ಹೇಳಿದ್ದು ನೂರಕ್ಕೆ ನೂರು. ನಮ್ಮದು ಬಡಗಿ ಮನೆತನ, ನಾನೊಬ್ಬ ಮಾತ್ರ ಕಂಪ್ಯೂಟರ್ ಕಡೆ ಹೋದವನು. ಮರ ಮೈಮೇಲೆ ಬಿದ್ದ ಮಳೆಗೆ ಅಷ್ಟು ಬೇಗ ಸಾಯಲ್ಲ. ನೀರು ಜಾರಿ ಹೋಗುತ್ತೆ, ಗಾಳಿಗೆ ಒಣಗುತ್ತೆ. ಸಾಯೋದು ಕಚ್ಚಿನಲ್ಲಿ. ಎರಡು ಮರ ಕೂಡುವ ಕಡೆ ನೀರು ಒಳಗೆ ಹೋದರೆ ಹೊರಗೆ ಬರಲ್ಲ. ಕೊರೆದ ತೂತು, ಗೂಟ, ಕತ್ತರಿಸಿದ ತುದಿ, ಇವೆಲ್ಲ ನೀರು ಹೀರೋ ಬಾಯಿಗಳು.

ನನ್ನದೇ ಉದಾಹರಣೆ. ಅಪ್ಪ ಬೇಡ ಬೇಡ ಅಂದರೂ ಕೇಳದೆ, ತೋಟಕ್ಕೆ ಹಲಸಿನ ಮರದ ಗೇಟು ಮಾಡಿಸಿ ಮೇಲೆ ಏನೂ ಮುಚ್ಚದೆ ನಿಲ್ಲಿಸಿದೆ. ನಾಲ್ಕು ಮಳೆಗಾಲ. ಹಲಗೆಗೆ ಏನೂ ಆಗಿರಲಿಲ್ಲ. ಮೂಲೆ ಕಚ್ಚಿನಲ್ಲಿ ಮಾತ್ರ ಬೆರಳಲ್ಲಿ ಒತ್ತಿದರೆ ಒದ್ದೆ ಅವಲಕ್ಕಿ. ಆ ಸೇತುವೆಯಲ್ಲಿ ಅಂಥ ಕಚ್ಚು ಎಷ್ಟು ಇರಬಹುದು ಅಂತ ಲೆಕ್ಕ ಹಾಕಿ. ಮಾಡು ಇಲ್ಲದಿದ್ದರೆ ಏನಾಗುತ್ತಿತ್ತು!

ಗೂಟ ಓಕ್ ಮರದ್ದಾ? ಕಬ್ಬಿಣದ ಮೊಳೆ ಯಾಕೆ ಹೊಡೆಯಲಿಲ್ಲ?

ತೊಲೆಜಂತೆ

ಹೌದು, ಇಂಥ ಸೇತುವೆಗಳಲ್ಲಿ ಗೂಟಕ್ಕೆ ಓಕ್, ಉಳಿದ ಮೈಗೆ ಮೆತ್ತನೆ ಜಾತಿಯ ಸ್ಪ್ರೂಸ್ ತರದ ಮರ. ಆ ಗೂಟಕ್ಕೆ ಅಲ್ಲಿ "ಟ್ರನಲ್" ಅನ್ನುತ್ತಾರೆ, ಮರದ ಮೊಳೆ ಅಂತಲೇ ಅರ್ಥ. ಕಬ್ಬಿಣ ಆಗ ದುಬಾರಿ. ಅಲ್ಲದೆ ಮರದ ಗೂಟ ಮರದ ಜೊತೆಗೇ ಉಬ್ಬುತ್ತೆ, ಕುಗ್ಗುತ್ತೆ. ತುಕ್ಕು ಹಿಡಿಯಲ್ಲ.

ಕಟ್ಟಿದ ರೀತಿ ಕೇಳಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿ ಹೋಗಿ.

ಈ ಜಾಗದಲ್ಲಿ ಮೊದಲ ಸೇತುವೆ ಬಂದಿದ್ದು 1796ರಲ್ಲಿ. ಅದನ್ನೂ ಸೇರಿಸಿ ಒಟ್ಟು ಮೂರು ಸೇತುವೆ ಹೊಳೆಪಾಲಾದವು. ನೀವು ನೋಡಿದ್ದು ನಾಲ್ಕನೆಯದು. ಕಟ್ಟಿದವರು ಕ್ಲೇರ್‌ಮಾಂಟ್‌ನ ಬೇಲಾ ಫ್ಲೆಚರ್ ಮತ್ತು ಕಾರ್ನಿಶ್‌ನವರೇ ಆದ ಜೇಮ್ಸ್ ಟಾಸ್ಕರ್. ಖರ್ಚು 9,000 ಡಾಲರ್. ಉದ್ದ ಸುಮಾರು 450 ಅಡಿ, ನಡುವೆ ಒಂದೇ ಒಂದು ಕಲ್ಲಿನ ಕಂಬ. ಅಂದರೆ ಎರಡೇ ಅಂಕಣ, ಒಂದೊಂದೂ 200 ಅಡಿ ಗಾಳಿಯಲ್ಲಿ. ಎರಡು ಅಂಕಣದ ಮುಚ್ಚಿದ ಸೇತುವೆಗಳಲ್ಲಿ ಪ್ರಪಂಚದಲ್ಲೇ ಉದ್ದದ್ದು ಇದು.

ನೀವು ಜಾಲರಿ ಅಂದಿರಲ್ಲ, ಅದರ ಹೆಸರೇ ಜಾಲರಿ ಟ್ರಸ್. ಇತಿಯಲ್ ಟೌನ್ ಅನ್ನುವ ವಾಸ್ತುಶಿಲ್ಪಿ 1820ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡರು, 1835ರಲ್ಲಿ ಇನ್ನೊಂದು. ಅದಕ್ಕೂ ಮೊದಲು ದೊಡ್ಡ ಸೇತುವೆ ಅಂದರೆ ಭಾರಿ ತೊಲೆ, ಬಾಗಿಸಿದ ಕಮಾನು, ನುರಿತ ಬಡಗಿಗಳು ಬೇಕಿತ್ತು. ಟೌನ್ ಹೇಳಿದ್ದು ಇಷ್ಟೇ. ಸಾಮಿಲ್‌ನಲ್ಲಿ ಸಿಗುವ ಒಂದೇ ಅಳತೆಯ ಹಲಗೆ ತನ್ನಿ. ಒಂದು ಸಾಲು ಎಡಕ್ಕೆ ಓರೆ, ಇನ್ನೊಂದು ಸಾಲು ಬಲಕ್ಕೆ ಓರೆ. ಕೂಡುವ ಕಡೆ ತೂತು ಕೊರೆದು ಗೂಟ ಹೊಡೆಯಿರಿ. ಮೇಲೆ ಕೆಳಗೆ ಉದ್ದ ತೊಲೆ ಕಟ್ಟಿ. ಆಯಿತು. ಮೈಲಿಗಟ್ಟಲೆ ಕಟ್ಟಿ, ಬೇಕಾದಷ್ಟು ಗಜ ಕತ್ತರಿಸಿಕೊಳ್ಳಬಹುದು ಅಂತ ಇದರ ಬಗ್ಗೆ ಒಂದು ಮಾತೇ ಇತ್ತು. ಟೌನ್ ಬಲು ಜಾಣ. ತನ್ನ ಪೇಟೆಂಟ್ ಬಳಸಿದರೆ ಅಡಿಗೆ ಒಂದು ಡಾಲರ್, ಕೇಳದೆ ಕಟ್ಟಿ ಸಿಕ್ಕಿಬಿದ್ದರೆ ಅಡಿಗೆ ಎರಡು ಡಾಲರ್ ವಸೂಲಿ ಮಾಡುತ್ತಿದ್ದರಂತೆ.

ಕೆಲಸ ಮಾಡೋದು ಹೀಗೆ. ಗಾಡಿ ಬಂದಾಗ ಒಂದು ದಿಕ್ಕಿನ ಓರೆ ಮರಗಳು ಒತ್ತಡ ಹೊರುತ್ತವೆ, ಅವಕ್ಕೆ ಅಡ್ಡ ಹಾಯುವವು ಎಳೆತ ಹೊರುತ್ತವೆ. ಮೇಲಿನ ತೊಲೆ ಒತ್ತಿಕೊಳ್ಳುತ್ತೆ, ಕೆಳಗಿನದು ಹಿಗ್ಗಲು ನೋಡುತ್ತೆ. ಒಂದು ಓರೆ ಮರ ಹಾಳಾದರೂ ಪಕ್ಕದವು ಭಾರ ಹಂಚಿಕೊಳ್ಳುತ್ತವೆ. ತೊಂದರೆ ಅಂದರೆ, ತೆಳು ಹಲಗೆಯ ಜಾಲರಿ ಉದ್ದ ಆದಷ್ಟೂ ಚಾಪೆ ತರ ಓಲಾಡುತ್ತೆ, ತಿರುಚಿಕೊಳ್ಳುತ್ತೆ. ಅದಕ್ಕೇ ಟಾಸ್ಕರ್, ಫ್ಲೆಚರ್ ಹಲಗೆ ಬಿಟ್ಟು ಚೌಕ ಮರ ತಗೊಂಡರು. ಒಂದರೊಳಗೆ ಒಂದು ಕೂರುವ ಹಾಗೆ ಕಚ್ಚು ತೆಗೆದು ಜೋಡಿಸಿದರು. ನಿಮಗೆ "ದಪ್ಪ ದಪ್ಪ" ಕಂಡಿದ್ದು ಅದಕ್ಕೇ.

ಚೌಕಟ್ಟು ಜೋಡಿಸಿದ್ದು ನದಿ ಮೇಲಲ್ಲ, ವಿಂಡ್ಸರ್ ಊರ ಪಕ್ಕದ ಒಂದು ಹುಲ್ಲುಗಾವಲಲ್ಲಿ. ಅಲ್ಲಿ ಕಚ್ಚು ತೆಗೆದು, ಕೂರಿಸಿ ನೋಡಿ, ಆಮೇಲೆ ನದಿಗೆ ತಂದರು.

ಉಳಿಸುತ್ತಿಗೆ

ಇದು ನಮ್ಮವರೂ ಮಾಡೋದೇ. ಮನೆ ಮಾಡಿನ ಮರಗೆಲಸ ಪೂರ್ತಿ ಅಂಗಳದಲ್ಲಿ ಮಲಗಿಸಿ ಜೋಡಿಸಿ, ಪ್ರತಿ ಮರಕ್ಕೂ ಉಳಿಯಲ್ಲಿ ಒಂದು ಗುರುತು ಹಾಕಿ, ಬಿಚ್ಚಿ ಮೇಲೇರಿಸುತ್ತಿದ್ದರು. ಗುರುತು ತಪ್ಪಿದರೆ ಆವತ್ತು ಅಜ್ಜನ ಬಾಯಿ ಕೇಳಬಾರದು. 450 ಅಡಿ ಉದ್ದಕ್ಕೆ ಕಚ್ಚು ಅಳತೆ ತಪ್ಪದೆ ತೆಗೆದಿದ್ದಾರೆ ಅಂದರೆ ಆ ಇಬ್ಬರಿಗೂ ದೊಡ್ಡ ನಮಸ್ಕಾರ.

ನಾಗರಭಾವಿ ನಾಗ್

ಕುದುರೆ ವಿಷಯ ವಾಪಸ್ ತಗೊಂಡೆ. ಆದರೆ ಇನ್ನೊಂದು ಪ್ರಶ್ನೆ. ಈಗಷ್ಟೇ ಹುಡುಕಿದೆ. 1987ರಲ್ಲಿ ಸೇತುವೆ ಮುಚ್ಚಿ, 1989ರಲ್ಲಿ ರಿಪೇರಿ ಮುಗಿಸಿ ತೆರೆದಿದ್ದಾರೆ. ಖರ್ಚು 44.5 ಲಕ್ಷ ಡಾಲರ್! ಕಟ್ಟಿದ್ದು 9,000ಕ್ಕೆ. ಡಾಲರ್ ಬೆಲೆ ಇಳಿದಿದ್ದು ಬಿಟ್ಟರೂ ಇದು ಸ್ವಲ್ಪ ಜಾಸ್ತಿ ಆಗಲಿಲ್ವಾ? ಅಷ್ಟು ದುಡ್ಡಲ್ಲಿ ಎಷ್ಟು ಮರ ಬದಲಾಯಿಸಿರಬಹುದು? ಹಾಗಾದರೆ ಅದು 1866ರ ಸೇತುವೆ ಹೇಗಾಗುತ್ತೆ? ಅಜ್ಜನ ಕೊಡಲಿ ಕತೆ. ಕಾವು ಮೂರು ಸಲ, ತಲೆ ಎರಡು ಸಲ ಬದಲಾಯಿಸಿ "ಅಜ್ಜಂದೇ ಕೊಡಲಿ" ಅನ್ನೋದು.

ಕಾಫಿಗಿಡ

ನಾಗ್ ಅವರ ಮಾತು ಕೇಳಿ ಲುಸರ್ನ್ ನೆನಪಾಯಿತು. ಸ್ವಿಟ್ಜರ್ಲೆಂಡ್ ಪ್ಯಾಕೇಜ್ ಟೂರ್ ಹೋದ ನಮ್ಮವರೆಲ್ಲ ಅಲ್ಲಿನ ಚಾಪೆಲ್ ಸೇತುವೆ ಮುಂದೆ ಒಂದು ಫೋಟೋ ತೆಗೆಸಿಕೊಂಡಿರುತ್ತಾರೆ. ನಾನೂ ತೆಗೆಸಿಕೊಂಡೆ. ನಮ್ಮ ಟೂರಿನವರು ಅಲ್ಲಿಗೆ ಕೊಟ್ಟಿದ್ದು 25 ನಿಮಿಷ, ಚಾಕೊಲೇಟ್ ಅಂಗಡಿಗೆ ಒಂದು ಗಂಟೆ. ಇರಲಿ.

14ನೇ ಶತಮಾನದ ಸೇತುವೆ ಅದು. ಒಳಗೆ ಮಾಡಿನ ಕೆಳಗೆ ತ್ರಿಕೋನದ ಹಲಗೆಗಳ ಮೇಲೆ 17ನೇ ಶತಮಾನದ ಚಿತ್ರಗಳು. 1993ರ ಆಗಸ್ಟ್ 18ರಂದು ಬೆಂಕಿ ಬಿತ್ತು. ಚಿತ್ರಗಳಲ್ಲಿ ಮೂರನೇ ಎರಡು ಭಾಗ ಹೋದವು. ಮುಂದಿನ ವರ್ಷ ಏಪ್ರಿಲ್‌ಗೆ ಸೇತುವೆ ಮತ್ತೆ ಕಟ್ಟಿ ಮುಗಿಸಿದರು. ಆದರೆ ಒಳಗೆ ನಡೆಯುವಾಗ ತಲೆ ಎತ್ತಿದರೆ ಕೆಲವು ಕಡೆ ಚಿತ್ರ ಇದೆ, ಕೆಲವು ಕಡೆ ಖಾಲಿ ತ್ರಿಕೋನ. ನನಗೆ ಚಿತ್ರಕ್ಕಿಂತ ಆ ಖಾಲಿ ಜಾಗಗಳೇ ಜಾಸ್ತಿ ನೆನಪಿವೆ.

ಮಳೆಯಿಂದ ಉಳಿಸೋ ಮಾಡೇ ಬೆಂಕಿ ಬಿದ್ದಾಗ ಸುರಂಗ ಆಗುತ್ತೆ ಅಂತ ಅಲ್ಲಿ ಅನಿಸಿತು. ಹೌದಾ?

ತೊಲೆಜಂತೆ

ಹೌದು. ಒಣ ಮರ, ಒಳಗೆ ಗಾಳಿ, ಮೇಲೆ ಮುಚ್ಚಿಗೆ, ಇನ್ನೇನು ಬೇಕು. ಸ್ವಿಟ್ಜರ್ಲೆಂಡ್‌ನ ಶಾಫ್‌ಹೌಸನ್‌ನಲ್ಲಿ ಹಾನ್ಸ್ ಉಲ್ರಿಚ್ ಗ್ರೂಬೆನ್‌ಮನ್ ಅನ್ನುವ ಬಡಗಿ 1750ರ ದಶಕದಲ್ಲಿ ರೈನ್ ನದಿಗೆ ಮುಚ್ಚಿದ ಸೇತುವೆ ಕಟ್ಟಿದ್ದರು. ಅವರಿಗೆ ಒಂದೇ ನೆಗೆತದಲ್ಲಿ ನದಿ ದಾಟಿಸುವ ಆಸೆ. ಊರಿನ ಹಿರಿಯರು ಹೆದರಿ, ನಡುವೆ ಉಳಿದಿದ್ದ ಹಳೆ ಕಲ್ಲಿನ ಕಂಬ ಬಳಸಲೇಬೇಕು ಅಂದರು. ಬಳಸಿದ ಹಾಗೆ ತೋರಿಸಿ, ಭಾರ ಮಾತ್ರ ಅದರ ಮೇಲೆ ಹಾಕಲೇ ಇಲ್ಲ ಅಂತ ಕತೆ. ನಿಜವೋ ಸುಳ್ಳೋ, 1799ರಲ್ಲಿ ಫ್ರೆಂಚ್ ಸೈನ್ಯ ಅದನ್ನು ಸುಟ್ಟೇಬಿಟ್ಟಿತು.

ಈಗ ನಾಗ್ ಅವರ ಕೊಡಲಿ. ಕಾರ್ನಿಶ್ ಸೇತುವೆಯಲ್ಲಿ ಸೋತಿದ್ದು ಮುಖ್ಯವಾಗಿ ಕೆಳಗಿನ ತೊಲೆ. ಯಾಕೆ ಅಂತ ನೋಡಿ. ಅಂಕಣ 200 ಅಡಿ. ಅಷ್ಟುದ್ದ ಮರ ಎಲ್ಲೂ ಸಿಗಲ್ಲ, ತುಂಡು ತುಂಡು ಜೋಡಿಸಲೇಬೇಕು. ಮೇಲಿನ ತೊಲೆಯಲ್ಲಿ ತುಂಡುಗಳು ಒಂದನ್ನೊಂದು ಒತ್ತುತ್ತವೆ, ಚಿಂತೆಯಿಲ್ಲ. ಕೆಳಗಿನದರಲ್ಲಿ ಬೇರೆ ಬೇರೆ ಎಳೆದುಕೊಳ್ಳಲು ನೋಡುತ್ತವೆ. ಹಿಡಿದಿಡಬೇಕಾದ್ದು ಗೂಟ ಮತ್ತು ಕಚ್ಚು. 120 ವರ್ಷ ಎಳೆದು ಎಳೆದು ಸೇತುವೆ ನಡುವೆ ಬಾಗಿತ್ತು. ಈ ತರ ಸೇತುವೆಯನ್ನು ಕಟ್ಟುವಾಗಲೇ ನಡುವೆ ಸ್ವಲ್ಪ ಮೇಲಕ್ಕೆ ಉಬ್ಬಿಸಿ ಕಟ್ಟುತ್ತಾರೆ, ಭಾರ ಬಿದ್ದಾಗ ನೆಟ್ಟಗಾಗಲಿ ಅಂತ. ಅದು ಹೋಗಿ ಕೆಳಗೆ ಇಳಿದರೆ ಅಪಾಯ.

ರಿಪೇರಿಯಲ್ಲಿ ಆ ತೊಲೆಗೆ ಗ್ಲೂಲ್ಯಾಮ್ ಹಾಕಿದರು. ತೆಳು ಹಲಗೆಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಉದ್ದ ತೊಲೆ ಅದು. ಮರವೇ, ಆದರೆ 1866ರಲ್ಲಿ ಇಲ್ಲದ ಮರ. ಹಳೆ ಪದ್ಧತಿಯಲ್ಲೇ ಮಾಡಬೇಕಿತ್ತು ಅಂತ ಹೇಳುವ ಸೇತುವೆ ಅಭಿಮಾನಿಗಳು ಇದ್ದಾರೆ. ನನ್ನ ಮಟ್ಟಿಗೆ ಇಂಜಿನಿಯರುಗಳು ಮಾಡಿದ್ದೇ ಸರಿ. ಜಾಲರಿ ಉಳಿಯಿತು, ಕಾರು ಓಡುತ್ತಿವೆ. ಕೆಳಗೆ ಸ್ಟೀಲ್ ತೊಲೆ ತೂರಿಸಿ, ಮೇಲಿನ ಮರವನ್ನು ಬರೀ ಅಲಂಕಾರ ಮಾಡಿಟ್ಟ ಸೇತುವೆಗಳೂ ಆ ಕಡೆ ಇವೆ. ಹಾಗೆ ಮಾಡಲಿಲ್ಲ. ಇಲ್ಲಿ ಭಾರ ಹೊರುತ್ತಿರುವುದು ಮರವೇ.

ಖರ್ಚಿನ ಬಗ್ಗೆ ಇನ್ನೊಂದು ಮಾತು. ಮೇಲ್ಗಡೆ ಹೇವರ್‌ಹಿಲ್ ಹತ್ತಿರ ಇದೇ ನದಿಗೆ ಇದೇ 1866ರಲ್ಲಿ ಕಟ್ಟಿದ ಬೆಡೆಲ್ ಅಂತ ಇನ್ನೊಂದು ಮುಚ್ಚಿದ ಸೇತುವೆ ಇತ್ತು. ಅದರದ್ದು ಕಮಾನಿನ ಟ್ರಸ್. ಊರಿನವರು ಒದ್ದಾಡಿ ದುಡ್ಡು ಕೂಡಿಸಿ ರಿಪೇರಿ ಮಾಡಿಸಿ 1979ರ ಜುಲೈನಲ್ಲಿ ತೆರೆದರು. ಸೆಪ್ಟೆಂಬರ್‌ನಲ್ಲಿ ಬಿರುಗಾಳಿ ಬಂದು ಪೂರ್ತಿ ಸೇತುವೆಯನ್ನು ನದಿಗೆ ಹಾಕಿತು. ಎರಡು ತಿಂಗಳೂ ನಿಲ್ಲಲಿಲ್ಲ. ಈಗ ಅಲ್ಲಿ ಕಲ್ಲಿನ ಕಂಬ ಮಾತ್ರ ಇದೆ.

ನಾಗರಭಾವಿ ನಾಗ್

ಅಯ್ಯೋ.

ಮಂಜಿನೂರು

ಕೆನಡಾದಿಂದ ಬರೆಯುತ್ತಿದ್ದೇನೆ. ಉದ್ದದ ವಿಷಯದಲ್ಲಿ ನಮ್ಮ ನ್ಯೂ ಬ್ರನ್ಸ್‌ವಿಕ್‌ನ ಹಾರ್ಟ್‌ಲ್ಯಾಂಡ್ ಸೇತುವೆ ಮುಂದೆ ಎಲ್ಲ ಮಕ್ಕಳು. 1,282 ಅಡಿ, ಆದರೆ ಏಳು ಅಂಕಣ. ತೆರೆದಿದ್ದು 1901ರಲ್ಲಿ, ಮಾಡು ಬಂದಿದ್ದು ಮಾತ್ರ 1920ರ ದಶಕದ ಶುರುವಿನಲ್ಲಿ. ಮುಚ್ಚಿದರೆ ಒಳಗೆ ಕತ್ತಲಲ್ಲಿ ಹುಡುಗ ಹುಡುಗಿಯರು ಕೆಡುತ್ತಾರೆ ಅಂತ ಆಗ ಚರ್ಚಿನ ಕಡೆಯಿಂದ ತಕರಾರು ಬಂದಿತ್ತಂತೆ. ಇಂಥ ಸೇತುವೆಗಳಿಗೆ ಈ ಕಡೆ ಇನ್ನೊಂದು ಹೆಸರೇ ಮುತ್ತಿನ ಸೇತುವೆ. ಹವಳ ಮುತ್ತಿನ ಮುತ್ತಲ್ಲ.

ಕಾಫಿಗಿಡ

ಹಾಗಾದರೆ ಹೊಳೆಸಾಲು ಅಮ್ಮನ ಜೊತೆ ಹೋಗಿದ್ದು ದಂಡ ಆಯಿತು.

ಹೊಳೆಸಾಲು

ಹ್ಹ ಹ್ಹ. ಅಮ್ಮನಿಗೆ ಈ ಸಾಲು ಓದಿ ಹೇಳಲ್ಲ.

ದಂಡ ಅಂದಾಗ ನೆನಪಾಯಿತು. ಸೇತುವೆ ಬಾಯಿ ಮೇಲೆ ಒಂದು ಬೋರ್ಡು ಇದೆ. ಕುದುರೆ ಓಡಿಸಬೇಡಿ, ನಡೆಸಿಕೊಂಡು ಹೋಗಿ, ಇಲ್ಲಾಂದ್ರೆ ಎರಡು ಡಾಲರ್ ದಂಡ ಅಂತ. ಅಮ್ಮನಿಗೆ ಅರ್ಥ ಹೇಳಿದೆ. "ಕುದುರೆ ಓಡಿದರೆ ಇವರ ಗಂಟೇನು ಹೋಗುತ್ತೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತೊಲೆಜಂತೆ

ಅಮ್ಮನಿಗೆ ಹೇಳಿ: ಉಯ್ಯಾಲೆಯನ್ನು ತಾಳಕ್ಕೆ ಸರಿಯಾಗಿ ತಳ್ಳುತ್ತಾ ಹೋದರೆ ಹೆಚ್ಚು ಹೆಚ್ಚು ತೂಗುತ್ತೆ ಅಲ್ವಾ. ಕುದುರೆ ದುಡುದುಡು ಒಂದೇ ತಾಳದಲ್ಲಿ ಓಡಿದರೆ ಸೇತುವೆಯೂ ತಾಳ ಹಿಡಿಯುತ್ತೆ ಅನ್ನೋ ಭಯ. ನಡೆದರೆ ಹೆಜ್ಜೆ ಹಗುರ. ನೆಲದ ಹಲಗೆಯೂ ಕಮ್ಮಿ ಸವೆಯುತ್ತೆ.

ಇನ್ನು ಗಂಟಿನ ವಿಷಯ. ಕಟ್ಟಿಸಿದ್ದು ಖಾಸಗಿ ಕಂಪನಿ, ದಾಟಲು ಸುಂಕ ಕೊಡಬೇಕಿತ್ತು. 1936ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸರ್ಕಾರ ಕೊಂಡುಕೊಂಡಿತು. ಕೊಂಡ ಮೇಲೂ ಏಳು ವರ್ಷ ಸುಂಕ ಬಿಡಲಿಲ್ಲ, 1943ರವರೆಗೂ ವಸೂಲಿ ಮಾಡಿತು.

ನಾಗರಭಾವಿ ನಾಗ್

ಟೋಲ್ ನಿಲ್ಲಿಸೋದರಲ್ಲಿ ಎಲ್ಲ ಸರ್ಕಾರವೂ ಒಂದೇ. ಆದರೆ ಒಂದು ಡೌಟು. ಆ ಕಡೆ ದಡ ವರ್ಮಾಂಟ್ ಅಂತೀರಿ. ಕೊಂಡಿದ್ದು ನ್ಯೂ ಹ್ಯಾಂಪ್‌ಶೈರ್ ಒಂದೇ ಯಾಕೆ? ಅರ್ಧರ್ಧ ಅಲ್ವಾ?

ತೊಲೆಜಂತೆ

ಗಡಿ ನದಿ ನಡುವೆ ಇಲ್ಲ. 1764ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ಆಜ್ಞೆಯಲ್ಲಿ ನದಿಯ ಪಶ್ಚಿಮ ದಡವೇ ಗಡಿ ಅಂತ ಆಗಿತ್ತು. ಅದರ ಮೇಲೆ ಎರಡು ರಾಜ್ಯ ಜಗಳ ಆಡಿ ಸುಪ್ರೀಂ ಕೋರ್ಟಿಗೆ ಹೋದವು. 1933ರಲ್ಲಿ ತೀರ್ಪು ಬಂತು. ವರ್ಮಾಂಟ್ ಕಡೆ ದಡದಲ್ಲಿ ನೀರು ಇಳಿದಾಗ ನಿಲ್ಲುವ ಗೆರೆಯೇ ಗಡಿ. ಅಂದರೆ ನದಿ ಪೂರ್ತಿ ನ್ಯೂ ಹ್ಯಾಂಪ್‌ಶೈರ್‌ದು, ಸೇತುವೆ ಹೆಚ್ಚುಕಮ್ಮಿ ಪೂರ್ತಿ ಅವರದ್ದೇ. ರಿಪೇರಿ ತಲೆನೋವೂ ಅವರದ್ದೇ.

ರಾಜರ ಕಾಲದ ಕಾಗದ ಹಿಡಿದು ನದಿಗೆ ಕೋರ್ಟಿಗೆ ಹೋಗೋದು ಕನ್ನಡದವರಿಗೆ ಹೊಸದಾಗಿ ವಿವರಿಸಬೇಕಿಲ್ಲ.

ಉಳಿಸುತ್ತಿಗೆ

ನಾಗ್ ಅವರ ಕೊಡಲಿ ಪ್ರಶ್ನೆ ಎರಡು ದಿನದಿಂದ ತಲೆಯಲ್ಲಿ ಕೊರೆಯುತ್ತಿತ್ತು. ಅಪ್ಪನಿಗೆ ಫೋನಲ್ಲಿ ಕೇಳಿದೆ. ತೊಲೆ ಬದಲಾಯಿಸಿದರೆ ಹಳೆ ಮನೆ ಹಳೆ ಮನೆಯೇನಾ ಅಂತ. ಅಪ್ಪ ಸುಮ್ನೆ ಒಂದು ಮಾತು ಕೇಳಿದರು: "ಹೊಸ ತೊಲೆಗೆ ಹಳೆ ಕಚ್ಚು ಕೂತಿತಾ?" ಕೂತರೆ ಅದು ಅದೇ ಮನೆಯಂತೆ. ಕೂರದೆ ಹಳೆ ಮರವನ್ನು ಕತ್ತರಿಸಿ ಹೊಸದಕ್ಕೆ ಒಗ್ಗಿಸಿದರೆ ಬೇರೆ ಮನೆಯಂತೆ.

ಹೊಳೆಸಾಲು, ಇನ್ನೊಂದು ಸಲ ಆ ಕಡೆ ಹೋದರೆ ಕೆಳಗಿನ ತೊಲೆ ಮತ್ತು ಜಾಲರಿ ಕೂಡುವ ಕಡೆ ಹತ್ತಿರದಿಂದ ಒಂದು ಫೋಟೋ ತೆಗೆದು ಹಾಕ್ತೀರಾ? ಬೋರ್ಡಿನ ಫೋಟೋ ಬೇಡ, ಎಲ್ಲರೂ ಹಾಕುತ್ತಾರೆ.

ನಾಗರಭಾವಿ ನಾಗ್

ನಿಮ್ಮ ಅಪ್ಪನ ಲೆಕ್ಕ ಚೆನ್ನಾಗಿದೆ. ನಾನಿನ್ನೂ ಪೂರ್ತಿ ಒಪ್ಪಿಲ್ಲ. ಫೋಟೋ ಬರಲಿ.

ಹೊಳೆಸಾಲು

ತಡವಾಯಿತು. ನಿನ್ನೆ ಹೋಗಿ ಬಂದೆ. ಈ ಸಲ ಬಿಸಿಲಿತ್ತು. ಬೆಳಗ್ಗೆ ಬೇಗ ಹೋಗಿದ್ದೆ, ಗಾಡಿ ಕಮ್ಮಿ. ಒಳಗೆ ನಡೆಯುವವರಿಗೆ ಬೇರೆ ದಾರಿಯಿಲ್ಲ, ಕಾರು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಹಾಗೆ ನಿಂತಾಗ ಬೆನ್ನಿಗೆ ಗೊತ್ತಾಗುತ್ತೆ. ಕಾರು ಇನ್ನೂ ದೂರ ಇದ್ದಾಗಲೇ ಮರ ಸಣ್ಣಗೆ ನಡುಗುತ್ತೆ, ಹತ್ತಿರ ಬಂದಾಗ ಜೋರಾಗಿ, ದಾಟಿದ ಮೇಲೂ ಸ್ವಲ್ಪ ಹೊತ್ತು.

ಕೂತು ಬಗ್ಗಿ ನೋಡಿದೆ. ಕೆಳಗಿನ ತೊಲೆಯಲ್ಲಿ ಪದರ ಪದರದ ಗೆರೆ ಕಾಣುತ್ತೆ, ಪುಸ್ತಕದ ಅಂಚಿನ ತರ. ಅದಕ್ಕೆ ಬಂದು ಸೇರುವ ಜಾಲರಿ ಮರ ಬೂದು ಬಣ್ಣಕ್ಕೆ ತಿರುಗಿದೆ, ಉದ್ದಕ್ಕೆ ಬಿರುಕು. ಎರಡರ ನಡುವೆ ನನ್ನ ಬಸ್ ಪಾಸ್ ತೂರಿಸಲು ನೋಡಿದೆ. ಹೋಗಲಿಲ್ಲ.

ಫೋಟೋ ನಾಲ್ಕು ಹಾಕಿದ್ದೇನೆ. ಮೂರನೆಯದು ಸ್ವಲ್ಪ ಅಲುಗಿದೆ, ಆಗ ಒಂದು ಹಾಲಿನ ವ್ಯಾನು ಬಂತು.

ಅಮ್ಮನಿಗೂ ಕಳಿಸಿದೆ. ಕುದುರೆ ಓಟಕ್ಕೆ ಉಯ್ಯಾಲೆ ಉತ್ತರ ಹೇಳಿದೆ, ಒಪ್ಪಿದರು. ಆಮೇಲೆ, "ಆ ಗೂಟ ಹೊರಗೆ ಬಂದಿತ್ತಲ್ಲ, ಯಾರಾದರೂ ಹೊಡೆದು ಕೂರಿಸಿದರಾ?" ಅಂತ ಕೇಳಿದರು. ಅದನ್ನು ನೋಡೋದೇ ಮರೆತಿದ್ದೆ.

ಉಳಿಸುತ್ತಿಗೆ

ಎರಡನೇ ಫೋಟೋ ಅಪ್ಪನಿಗೆ ಕಳಿಸಿದೆ. ದೊಡ್ಡದು ಮಾಡಿ ನೋಡಿ, "ಕೂತಿದೆ" ಅಂದರು. ಗೂಟಕ್ಕೆ ಯಾರೂ ಸುತ್ತಿಗೆ ಹಾಕೋದು ಬೇಡವಂತೆ. ಸೀಳಿದ ತಲೆಗೆ ಹೊಡೆದರೆ ಪೂರ್ತಿ ಸೀಳುತ್ತೆ.

ನಾಗರಭಾವಿ ನಾಗ್

ಸರಿ ಸರಿ. ಮುಂದಿನ ವರ್ಷ ಮಗಳ ಮನೆಗೆ ನ್ಯೂಜೆರ್ಸಿಗೆ ಬರ್ತಿದ್ದೇನೆ. ಅಲ್ಲಿಂದ ಎಷ್ಟು ಗಂಟೆ ದಾರಿ ಹೊಳೆಸಾಲು? ಕಾರು ಯಾವ ಕಡೆ ನಿಲ್ಲಿಸೋದು ಒಳ್ಳೇದು?